‘ಹಾರ್ಮೋನ್ ಆಗೇತಿ’ ಅಂದರೆ ಯಾವ ಹಾರ್ಮೋನ್?

ಮಾನ್ಯ ಸಂಪಾದಕರೇ,

‘ನನಗ ಹಾರ್ಮೋನ್ ಆಗೇತ್ರಿ’ ಎಂಬ ಮಾತು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಈಗ ‘ಶುಗರ್ ಆಗೇತಿ, ಬಿಪಿ ಆಗೇತಿ’ ಎಂಬಷ್ಟೇ ಸಲೀಸಾಗಿ ಕೇಳಿಬರುತ್ತದೆ. ಹಾರ್ಮೋನ್ ರೋಗದ ಹೆಸರಲ್ಲ. ಬೇರೆ ಬೇರೆ ಗ್ರಂಥಿಗಳು ರಕ್ತಕ್ಕೆ ಬಿಡುವ ಹತ್ತಾರು ರಸಗಳಿಗೆ ಒಟ್ಟಾಗಿ ಇಟ್ಟ ಹೆಸರು ಅದು. ಥೈರಾಯ್ಡ್ ಕಡಿಮೆಯಾದವರಿಗೂ, ಅಂಡಾಶಯದಿಂದ ತಿಂಗಳಿಗೊಮ್ಮೆ ಅಂಡ ಹೊರಬೀಳದವರಿಗೂ, ಗ್ಯಾಸಿನ ಗುಳಿಗೆ ನುಂಗಿ ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್) ಏರಿಸಿಕೊಂಡವರಿಗೂ, ನಲವತ್ತೈದು ದಾಟಿ ಮುಟ್ಟು ನಿಲ್ಲುವ ಹೊಸ್ತಿಲಲ್ಲಿರುವವರಿಗೂ ಒಂದೇ ಹೆಸರು ಹಚ್ಚಿಬಿಟ್ಟರೆ ಚಿಕಿತ್ಸೆ ದಿಕ್ಕು ತಪ್ಪುತ್ತದೆ. ಶ್ರಾವಣ ಬಂತೆಂದರೆ ಮುಟ್ಟು ಮುಂದೂಡುವ ಗುಳಿಗೆ ಕೇಳುವವರು ಹೆಚ್ಚುತ್ತಾರೆ. ಚೌತಿ ಮುಗಿದ ಮೇಲೆ ‘ಹಾರ್ಮೋನ್ ಕೆಟ್ಟೇತಿ’ ಎಂದು ಬರುವವರೂ ಹೆಚ್ಚುತ್ತಾರೆ. ಅದಕ್ಕೇ ಈ ಪತ್ರ. ತುಸು ಉದ್ದವಾಗಿದೆ, ಕತ್ತರಿ ಹಾಕುವುದಿದ್ದರೆ ಅಂಕಿಗಳನ್ನು ಬಿಟ್ಟು ಬೇರೆ ಕಡೆ ಹಾಕಿ.

ಮೊದಲು ತಾರೀಖು. ಹಾಲಿನ ಲೆಕ್ಕ, ಸಿಲಿಂಡರ್ ಹಚ್ಚಿದ ದಿನ ಗುರುತು ಹಾಕುವ ಗೋಡೆಯ ಕ್ಯಾಲೆಂಡರಿನಲ್ಲೇ ಮುಟ್ಟಿನ ಮೊದಲ ದಿನಕ್ಕೊಂದು ಸುತ್ತು ಹಾಕುತ್ತ ಹೋದರೆ, ಎಷ್ಟೋ ದುಬಾರಿ ಪರೀಕ್ಷೆಗಳು ಹೇಳದ್ದನ್ನು ಆ ಕ್ಯಾಲೆಂಡರ್ ಹೇಳುತ್ತದೆ. ಲೆಕ್ಕ ತಪ್ಪುವುದು ಒಂದು ಕಡೆ. ಬಹಳ ಮಂದಿ ಸ್ರಾವ ನಿಂತು ತಲೆಗೆ ನೀರು ಹಾಕಿಕೊಂಡ ದಿನದಿಂದ ಎಣಿಸುತ್ತಾರೆ. ಹಾಗೆ ಎಣಿಸಿದರೆ 27 ದಿನದ ಚಂದನೆಯ ಚಕ್ರವೂ 22 ದಿನದ್ದಾಗಿ ಕಾಣುತ್ತದೆ. ‘ಲಗೂ ಲಗೂ ಆಗಾಕತ್ತೇತಿ’ ಎಂಬ ದೂರು ಅಲ್ಲಿ ಹುಟ್ಟುತ್ತದೆ. ಎಣಿಕೆ ರಕ್ತ ಸರಿಯಾಗಿ ಕಂಡ ಮೊದಲ ದಿನದಿಂದ ಶುರುವಾಗಿ, ಮುಂದಿನ ಸಲದ ಮೊದಲ ದಿನದ ಹಿಂದಿನ ದಿನಕ್ಕೆ ಮುಗಿಯಬೇಕು. ದೊಡ್ಡವರಲ್ಲಿ 21ರಿಂದ 35 ದಿನ ಸಹಜ. ಒಂದು ಸಲ 26ಕ್ಕೆ, ಇನ್ನೊಂದು ಸಲ 31ಕ್ಕೆ ಆದರೆ ಅದು ಏರುಪೇರಲ್ಲ. ವರ್ಷಕ್ಕೆ 8 ಸಲಕ್ಕಿಂತ ಕಡಿಮೆಯಾದರೆ, ಬಸಿರಿಲ್ಲದೆ 90 ದಿನ ದಾಟಿದರೆ, ಪದೇಪದೇ 21 ದಿನದೊಳಗೆ ಬಂದರೆ, ನಡುನಡುವೆ ರಕ್ತ ಕಂಡರೆ ತೋರಿಸಬೇಕು. ಸ್ರಾವ 2ರಿಂದ 7 ದಿನ ಇರಬಹುದು. ತಾಸಿಗೊಂದು ಪ್ಯಾಡ್ ತೊಯ್ದು ಹೋಗುತ್ತಿದ್ದರೆ, ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆಗಳು ಬೀಳುತ್ತಿದ್ದರೆ ಅದು ಅತಿಸ್ರಾವ. ಅದನ್ನು ‘ನಮ್ಮ ಮನೆತನದಾಗ ಎಲ್ಲಾರಿಗೂ ಹಿಂಗ’ ಎಂದು ಬಿಡುವಂತಿಲ್ಲ.

ಹೊಸದಾಗಿ ಮೈನೆರೆದ ಹುಡುಗಿಯರ ಲೆಕ್ಕವೇ ಬೇರೆ. ಮೊದಲ ವರ್ಷ ಮುಟ್ಟು ಹೇಗೆ ಬೇಕಾದರೂ ಹಿಂದುಮುಂದಾಗಬಹುದು. ಒಂದರಿಂದ ಮೂರು ವರ್ಷದವರೆಗೆ 21ರಿಂದ 45 ದಿನದ ಅಂತರ ಸಹಜವೇ. ಮಿದುಳು ಮತ್ತು ಅಂಡಾಶಯದ ನಡುವಿನ ಸಂಕೇತ ಹದಕ್ಕೆ ಬರಲು ಅಷ್ಟು ಕಾಲ ಹಿಡಿಯುತ್ತದೆ. ಈ ವಯಸ್ಸಿನಲ್ಲಿ ಸ್ಕ್ಯಾನಿಂಗ್ ಮಾಡಿದರೆ ಆರೋಗ್ಯವಾಗಿರುವ ಹುಡುಗಿಯಲ್ಲೂ ಸಣ್ಣ ಸಣ್ಣ ಗುಳ್ಳೆಗಳು ಕಾಣುತ್ತವೆ. ಅದಕ್ಕೇ ಮೈನೆರೆದ 8 ವರ್ಷದವರೆಗೆ ಪಿಸಿಒಎಸ್ (ಜನ ‘ನೀರುಗುಳ್ಳೆ’ ಎನ್ನುವ ಅಂಡಾಶಯದ ತೊಂದರೆ) ಪತ್ತೆಗೆ ಸ್ಕ್ಯಾನಿಂಗ್ ಬಳಸಬಾರದೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಹತ್ತನೆಯ ತರಗತಿಯ ಹುಡುಗಿಗೆ ಸ್ಕ್ಯಾನಿಂಗ್ ಚೀಟಿ ತೋರಿಸಿ ‘ಮುಂದ ಮಕ್ಕಳಾಗೂದು ಕಷ್ಟ’ ಎಂದು ಹೆದರಿಸುವುದು ಪಾಪದ ಕೆಲಸ. ಹಾಗೆಂದು ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವಂತೆಯೂ ಇಲ್ಲ. 13 ತುಂಬಿದರೂ ಎದೆ ಬೆಳೆಯದಿದ್ದರೆ, 15 ತುಂಬಿದರೂ ಮುಟ್ಟಾಗದಿದ್ದರೆ ‘ಮದುವಿ ಆದಮ್ಯಾಲೆ ಎಲ್ಲಾ ಸರಿ ಹೋಗ್ತೇತಿ’ ಎನ್ನುತ್ತ ಕೂರಬಾರದು. ಮದುವೆ ಯಾವ ಗ್ರಂಥಿಗೂ ಔಷಧವಲ್ಲ.

ಮುಟ್ಟು ತಪ್ಪಿದಾಗ ಮಾಡಬೇಕಾದ ಮೊದಲ ಪರೀಕ್ಷೆ ಥೈರಾಯ್ಡ್ ಅಲ್ಲ, ಮೂತ್ರದಲ್ಲಿ ಮಾಡುವ ಬಸಿರಿನ ಪರೀಕ್ಷೆ. ಮಗು ಸಣ್ಣದು, ಇನ್ನೂ ಹಾಲು ಕುಡಿಯುತ್ತದೆ ಎನ್ನುವವರೂ ಇದನ್ನು ಬಿಡಬಾರದು. ಹೆರಿಗೆಯ ನಂತರ ಮೊದಲ ಮುಟ್ಟು ಬರುವ ಮುಂಚೆಯೇ ಅಂಡ ಬಿಡುಗಡೆಯಾಗಿರಬಹುದು.

ಎರಡನೆಯದು ಗುಳಿಗೆಗಳ ಪಟ್ಟಿ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ‘ಹಾರ್ಮೋನ್ ಏರುಪೇರು’ ಎಂದು ಬರುವ ಎಷ್ಟೋ ಪ್ರಕರಣಗಳ ಬೇರು ಮನೆಯ ಔಷಧ ಡಬ್ಬಿಯಲ್ಲೇ ಇರುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಹಾಕುವ ‘ಅಂತರಾ’ ಗರ್ಭನಿರೋಧಕ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆಯದು. ಅದನ್ನು ಹಾಕಿಸಿಕೊಂಡವರಿಗೆ ಮೊದಮೊದಲು ಹನಿಹನಿ ರಕ್ತ ಹೋಗುವುದು, ಆಮೇಲೆ ಮುಟ್ಟೇ ನಿಲ್ಲುವುದು ಔಷಧದ ಗುಣ, ರೋಗವಲ್ಲ. ಕೆಟ್ಟ ರಕ್ತ ಒಳಗೇ ಉಳಿಯುತ್ತದೆ ಎಂಬುದೂ ಸುಳ್ಳು. ಗರ್ಭಚೀಲದ ಒಳಪದರ ತೆಳುವಾಗಿಯೇ ಉಳಿಯುವುದರಿಂದ ಹೊರಬರಲು ಏನೂ ಇರುವುದಿಲ್ಲ. ಚುಚ್ಚುಮದ್ದು ಬಿಟ್ಟ ಮೇಲೆ ಬಸಿರಾಗಲು 7ರಿಂದ 10 ತಿಂಗಳು ಹಿಡಿಯಬಹುದು. ಅದನ್ನು ಬಂಜೆತನವೆಂದು ತಿಳಿದು ಅಲೆದಾಡುವವರಿದ್ದಾರೆ. ‘ಛಾಯಾ’ ಗರ್ಭನಿರೋಧಕ ಗುಳಿಗೆ ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಅದರಲ್ಲಿ ಹಾರ್ಮೋನ್ ಇಲ್ಲ, ಆದರೂ ಮುಟ್ಟು ತಡವಾಗಬಹುದು. ತಡ 15 ದಿನ ಮೀರಿದರೆ ಬಸಿರಿನ ಪರೀಕ್ಷೆ ಮಾಡಿಕೊಳ್ಳಬೇಕು. ತುರ್ತು ಗರ್ಭನಿರೋಧಕ ಗುಳಿಗೆಯನ್ನು ತಿಂಗಳಲ್ಲಿ ಎರಡು ಮೂರು ಸಲ ನುಂಗಿದವರ ಚಕ್ರ ಹಳಿ ತಪ್ಪುವುದು ಸಹಜವೇ. 72 ತಾಸಿನೊಳಗೆ ಒಂದು ಸಲಕ್ಕೆಂದು ಮಾಡಿದ ಗುಳಿಗೆಯದು.

ಇನ್ನು ಹಬ್ಬದ ಗುಳಿಗೆ, ಅಂದರೆ ನಾರ್‌ಎಥಿಸ್ಟರಾನ್ 5 ಮಿ.ಗ್ರಾಂ. ಮುಟ್ಟಿನ ದಿನಕ್ಕೆ ಮೂರು ದಿನ ಮೊದಲು ಶುರು ಮಾಡಿ, ದಿನಕ್ಕೆ ಮೂರರಂತೆ ತೆಗೆದುಕೊಂಡರೆ ಮುಟ್ಟು ಮುಂದೆ ಹೋಗುತ್ತದೆ. ಬಿಟ್ಟ ಎರಡು ಮೂರು ದಿನಕ್ಕೆ ಬರುತ್ತದೆ. ಆಗಿನ ಸ್ರಾವ ಒಮ್ಮೊಮ್ಮೆ ಹೆಚ್ಚು. ತಪ್ಪಾಗುವುದು ಹೀಗೆ: ಮುಟ್ಟಿನ ದಿನವೇ ಅಥವಾ ಹನಿ ಕಂಡ ಮೇಲೆ ಶುರು ಮಾಡುತ್ತಾರೆ, ಆಗ ಮುಂದೂ ಹೋಗುವುದಿಲ್ಲ, ನೆಟ್ಟಗೆ ಆಗುವುದೂ ಇಲ್ಲ, ಹದಿನೈದು ದಿನ ಜಿನುಗುತ್ತದೆ. ಶ್ರಾವಣದ ಸೋಮವಾರಕ್ಕೊಮ್ಮೆ, ವರಮಹಾಲಕ್ಷ್ಮಿಗೊಮ್ಮೆ, ಚೌತಿಗೊಮ್ಮೆ ಎಂದು ಸಾಲಾಗಿ ತೆಗೆದುಕೊಂಡವರ ಲೆಕ್ಕ ದೀಪಾವಳಿವರೆಗೂ ಹಳಿಗೆ ಬರುವುದಿಲ್ಲ. ಈ ಗುಳಿಗೆ ಗರ್ಭನಿರೋಧಕವೂ ಅಲ್ಲ. ಈ ಪ್ರಮಾಣದಲ್ಲಿ ದೇಹ ಇದರ ಒಂದಂಶವನ್ನು ಈಸ್ಟ್ರೊಜೆನ್ ಆಗಿ ಬದಲಾಯಿಸುವುದರಿಂದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಹಿಂದೆ ಹಾಗೆ ಆದವರು, ಪಾರ್ಶ್ವವಾಯು ಬಡಿದವರು, ಯಕೃತ್ತಿನ ತೊಂದರೆ ಇದ್ದವರು, ಸ್ತನದ ಕ್ಯಾನ್ಸರ್ ಆದವರು ಮುಟ್ಟಲೇಬಾರದು. ಒಂದೇ ಕಾಲು ಬಾತು ನೋವಾದರೆ, ಎದೆ ಹಿಡಿದು ಉಸಿರು ಸಿಕ್ಕಿಕೊಂಡರೆ ಅದು ಆಸ್ಪತ್ರೆಗೆ ಓಡುವ ಹೊತ್ತು. ವೈದ್ಯರ ಚೀಟಿಯ ಮೇಲೆ ಕೊಡಬೇಕಾದ ಈ ಗುಳಿಗೆಯನ್ನು ಪೆಪ್ಪರ್‌ಮಿಂಟಿನಂತೆ ಬಿಡಿಬಿಡಿಯಾಗಿ ಕತ್ತರಿಸಿ ಕೊಡುವ ಔಷಧ ಅಂಗಡಿಯವರಲ್ಲಿ ನಮ್ಮ ಬಿನ್ನಹ ಇಷ್ಟೇ: ಕಾಲು, ಎದೆ, ಯಕೃತ್ತು, ಬಸಿರು, ಈ ನಾಲ್ಕು ಪ್ರಶ್ನೆ ಕೇಳದೆ ಕೊಡಬೇಡಿ, ಚೀಟಿ ಇಲ್ಲದಿದ್ದರೆ ಕೊಡಲೇಬೇಡಿ.

ಗ್ಯಾಸಿನ ಗುಳಿಗೆಯ ಮಾತು ಹೇಳಿದೆವಲ್ಲ. ಹೊಟ್ಟೆಯುರಿಗೆ ತೆಗೆದುಕೊಳ್ಳುವ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಪ್ಯಾಂಟೊಪ್ರಜೋಲ್ ಜೊತೆಗೆ ಡೊಂಪೆರಿಡೋನ್ ಇರುತ್ತದೆ. ಡೊಂಪೆರಿಡೋನ್ ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಪ್ರೊಲ್ಯಾಕ್ಟಿನ್ ಏರಿದರೆ ಮುಟ್ಟು ತಡವಾಗುತ್ತದೆ, ಬಾಣಂತಿಯಲ್ಲದವರ ಎದೆಯಲ್ಲೂ ಹಾಲಿನಂಥ ದ್ರವ ಜಿನುಗಬಹುದು. ಮಾನಸಿಕ ಕಾಯಿಲೆಯ ಕೆಲವು ಗುಳಿಗೆಗಳಿಂದ, ಮುಖ್ಯವಾಗಿ ರಿಸ್ಪೆರಿಡೋನ್‌ನಿಂದ, ಇದೇ ಆಗುತ್ತದೆ. ಅವನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು, ಬರೆದುಕೊಟ್ಟವರನ್ನು ಕೇಳಬೇಕು. ಮೊಣಕಾಲು ನೋವಿಗೆಂದು ಹೆಸರಿಲ್ಲದ ಪುಡಿ ಅಥವಾ ‘ಪವರ್ ಗುಳಿಗೆ’ ತೆಗೆದುಕೊಳ್ಳುವವರ ಮುಖ ದುಂಡಗಾಗಿ, ಹೊಟ್ಟೆಯ ಮೇಲೆ ನೇರಳೆ ಗೆರೆ ಮೂಡಿ, ಮುಖದಲ್ಲಿ ಕೂದಲು ಬೆಳೆದು, ಮುಟ್ಟು ಕೆಟ್ಟಿದ್ದರೆ ಅದರಲ್ಲಿ ಸ್ಟಿರಾಯ್ಡ್ ಇದೆಯೇ ಎಂದು ಅನುಮಾನಿಸಬೇಕು. ಮುಖ ಬೆಳ್ಳಗಾಗಲು ವರ್ಷಗಟ್ಟಲೆ ಹಚ್ಚುವ ಕ್ರೀಮುಗಳಲ್ಲೂ ಸ್ಟಿರಾಯ್ಡ್ ಇರುವುದುಂಟು. ತಿಂಗಳುಗಟ್ಟಲೆ ನುಂಗಿದ ಸ್ಟಿರಾಯ್ಡನ್ನು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಕುತ್ತು, ಹಂತಹಂತವಾಗಿ ಇಳಿಸಬೇಕು. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಬಾಯಿಲೆಕ್ಕ ಬೇಡ. ತಿನ್ನುವ, ಹಚ್ಚುವ ಎಲ್ಲವನ್ನೂ ಗುಳಿಗೆಯ ಖಾಲಿ ಸ್ಟ್ರಿಪ್‌ಗಳ ಸಮೇತ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು.

ಆಮೇಲೆ ರಕ್ತಪರೀಕ್ಷೆ. ‘ಫುಲ್ ಹಾರ್ಮೋನ್ ಪ್ಯಾಕೇಜ್’ ಎಂಬ ಜಾಹೀರಾತು ನೋಡಿ ಯಾವುದೋ ಒಂದು ದಿನ ಹೋಗಿ ರಕ್ತ ಕೊಟ್ಟರೆ ಅರ್ಧ ದುಡ್ಡು ನೀರಿಗೆ ಹಾಕಿದಂತೆ. ಅಂಡ ಬೆಳೆಸಲು ಮಿದುಳಿನಿಂದ ಬರುವ ಎಫ್‌ಎಸ್‌ಎಚ್, ಎಲ್‌ಎಚ್ ಹಾರ್ಮೋನುಗಳ ಪರೀಕ್ಷೆಗೆ ಮುಟ್ಟಿನ 2ರಿಂದ 5ನೇ ದಿನವೇ ಆಗಬೇಕು. ಅಂಡ ಬಿಡುಗಡೆಯಾಗಿದೆಯೇ ಎಂದು ನೋಡುವ ಪ್ರೊಜೆಸ್ಟರಾನ್ ಪರೀಕ್ಷೆಗೆ ‘21ನೇ ದಿನ’ ಎಂದು ಎಲ್ಲರಿಗೂ ಒಂದೇ ಮಾತು ಹೇಳುವ ರೂಢಿ ಇದೆ. ಅದು 28 ದಿನದ ಚಕ್ರದವರಿಗೆ ಮಾತ್ರ ಸರಿ. ಮುಂದಿನ ಮುಟ್ಟಿಗೆ 7 ದಿನ ಮೊದಲು ಎಂಬುದು ನಿಜವಾದ ಲೆಕ್ಕ. 35 ದಿನಕ್ಕೆ ಆಗುವವರಿಗೆ 28ನೇ ದಿನ. ಅವರಿಗೆ 21ಕ್ಕೆ ಮಾಡಿದರೆ ಅಂಡ ಬಿಡುಗಡೆಯಾಗುವವರಿಗೂ ‘ಆಗಿಲ್ಲ’ ಎಂದು ಫಲಿತಾಂಶ ಬರುತ್ತದೆ. ಪ್ರೊಲ್ಯಾಕ್ಟಿನ್‌ಗೆ ನಿದ್ದೆಯಿಂದ ಎದ್ದು ಎರಡು ಮೂರು ತಾಸಾಗಿರಬೇಕು. ಹಾವೇರಿಯಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದವರು ಅರ್ಧ ತಾಸು ಸುಮ್ಮನೆ ಕುಳಿತು ಆಮೇಲೆ ಕೈ ಚಾಚಬೇಕು. ಗಾಬರಿ, ದಣಿವು, ಸೂಜಿಯ ಅಂಜಿಕೆ ಕೂಡ ಅದನ್ನು ಏರಿಸುತ್ತವೆ. ಸಹಜದ ಮೇಲ್ಮಿತಿ 25 ಇರುವಲ್ಲಿ 35 ಬಂದರೆ ಮೊದಲು ಮಾಡಬೇಕಾದ್ದು ಮರುಪರೀಕ್ಷೆ, ತಲೆಯ ಎಂಆರ್‌ಐ ಅಲ್ಲ. 200 ದಾಟಿದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆಯ ಅನುಮಾನ ಬಲವಾಗುತ್ತದೆ. ಅದೂ ಬಹುಪಾಲು ಕ್ಯಾಬರ್ಗೊಲಿನ್ ಎಂಬ, ವಾರಕ್ಕೆ ಒಂದೋ ಎರಡೋ ಸಲ ನುಂಗುವ ಗುಳಿಗೆಯಿಂದಲೇ ಕುಗ್ಗುವಂಥದ್ದು. ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುತ್ತಿರುವಾಗ ಗಂಡಸಿನ ಹಾರ್ಮೋನಾದ ಟೆಸ್ಟೊಸ್ಟೆರಾನ್ ನೋಡಿ ಫಲವಿಲ್ಲ, ಬಿಟ್ಟು ಮೂರು ತಿಂಗಳಾಗಬೇಕು.

ಕೂದಲಿಗೆಂದು ಬಯೋಟಿನ್ ಗುಳಿಗೆ ತಿನ್ನುವವರು ಗಮನಿಸಬೇಕಾದ ಸಂಗತಿಯೊಂದಿದೆ. ಹಲವು ಪ್ರಯೋಗಾಲಯ ಯಂತ್ರಗಳ ಪರೀಕ್ಷಾ ವಿಧಾನದಲ್ಲೇ ಬಯೋಟಿನ್ ಬಳಕೆಯಾಗುವುದರಿಂದ, ರಕ್ತದಲ್ಲಿ ಅದು ಹೆಚ್ಚಾಗಿದ್ದರೆ ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದಾಗ ಏರುವ ಹಾರ್ಮೋನ್) ಸುಳ್ಳಾಗಿ ಕಡಿಮೆ, ಥೈರಾಯ್ಡಿನದೇ ಹಾರ್ಮೋನುಗಳಾದ ಟಿ3, ಟಿ4 ಸುಳ್ಳಾಗಿ ಹೆಚ್ಚು ತೋರಿಸಬಹುದು. ಥೈರಾಯ್ಡ್ ಸರಿ ಇದ್ದವರಿಗೂ ‘ಹೆಚ್ಚಾಗಿದೆ’ ಎಂಬ ಚೀಟಿ ಬರುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಅದನ್ನು ಬಿಡಬೇಕು.

ಥೈರಾಯ್ಡ್ ಕಡಿಮೆಯಾದವರ ಲಕ್ಷಣ ಬಹುಮಟ್ಟಿಗೆ ಗೊತ್ತಿರುವುದೇ: ದಣಿವು, ಚಳಿ ತಡೆಯದಿರುವುದು, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ತೂಕ ಏರುವುದು, ಹೆಚ್ಚು ಸ್ರಾವ. ಇವುಗಳಲ್ಲಿ ಹಲವು ರಕ್ತಹೀನತೆಯಲ್ಲೂ ಹೀಗೇ ಇರುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49ರ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅದಕ್ಕೇ ಟಿಎಸ್‌ಎಚ್ ಜೊತೆ ಹಿಮೋಗ್ಲೋಬಿನ್ ನೋಡದಿದ್ದರೆ ಅರ್ಧ ಕೆಲಸ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಕಬ್ಬಿಣಾಂಶದ ಕಡೆ ಮೊದಲು ಗಮನ. ಟಿಎಸ್‌ಎಚ್‌ಗೆ ಉಪವಾಸ ಬೇಕಿಲ್ಲ, ಮುಟ್ಟಿನ ದಿನವೂ ಮುಖ್ಯವಲ್ಲ. ಪ್ರತಿ ಸಲ ಒಂದೇ ಹೊತ್ತಿಗೆ ಕೊಟ್ಟರೆ ಹೋಲಿಸಲು ಅನುಕೂಲ. ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸು ಸಹಜ. 5 ಬಂದ ಕೂಡಲೇ ಎಲ್ಲರಿಗೂ ಜೀವನಪರ್ಯಂತ ಗುಳಿಗೆ ಬೇಕಿಲ್ಲ. ಎರಡು ಮೂರು ತಿಂಗಳ ನಂತರ ಇನ್ನೊಮ್ಮೆ ನೋಡಿ ತೀರ್ಮಾನಿಸಬಹುದು. 10 ದಾಟಿದರೆ ಗುಳಿಗೆ ಬೇಕೇ ಬೇಕು. ಬಸಿರಾಗಲು ಬಯಸುವವರಿಗೆ, ಬಸುರಿಯರಿಗೆ ಈ ಗೆರೆ ಇನ್ನೂ ಕೆಳಗಿರುತ್ತದೆ.

ಗುಳಿಗೆ ಸರಿಯಾಗಿಯೇ ಇದ್ದು ತೆಗೆದುಕೊಳ್ಳುವ ರೀತಿ ತಪ್ಪಿದ್ದರೆ ಏನೂ ಪ್ರಯೋಜನವಿಲ್ಲ. ನಮ್ಮ ಕಡೆ ಕಣ್ಣು ಬಿಟ್ಟ ಕೂಡಲೇ ಚಹಾ. ಥೈರಾಯ್ಡ್ ಕಡಿಮೆಯಾದವರಿಗೆ ಕೊಡುವ ಲೆವೊಥೈರಾಕ್ಸಿನ್ ಗುಳಿಗೆಗೂ ಚಹಾಕ್ಕೂ ಜಗಳ. ಬರಿ ಹೊಟ್ಟೆಯಲ್ಲಿ ಬರಿ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ತಾಸು, ಸಾಧ್ಯವಾದರೆ ಒಂದು ತಾಸು, ಬಿಟ್ಟು ಚಹಾ-ನಾಷ್ಟಾ. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆಗೆ ನಾಲ್ಕು ತಾಸು ಅಂತರ ಬೇಕು, ಏಕೆಂದರೆ ಅವು ಹೊಟ್ಟೆಯಲ್ಲೇ ಇದಕ್ಕೆ ಅಂಟಿಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಬಸುರಿಯರು ಮೂರನ್ನೂ ಮುಂಜಾನೆ ಒಂದೇ ಗುಕ್ಕಿಗೆ ನುಂಗುವುದು, ಆಮೇಲೆ ಟಿಎಸ್‌ಎಚ್ ಇಳಿಯದೆ ಡೋಸ್ ಏರಿಸುತ್ತ ಹೋಗುವುದು ತೀರ ಸಾಮಾನ್ಯ ತಪ್ಪು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಗುಳಿಗೆಗೂ ಇದೇ ನಿಯಮ. ಮಧ್ಯಾಹ್ನ ಊಟದ ನಂತರ ಕೊಟ್ಟರೆ ಚಿಂತೆಯಿಲ್ಲ. ಮುಂಜಾನೆ ಹಾಲು ಕರೆಯುವುದು, ಹೊಲಕ್ಕೆ ಬುತ್ತಿ ಕಟ್ಟುವುದರ ನಡುವೆ ಅರ್ಧ ತಾಸು ಕಾಯಲಾಗದವರು ರಾತ್ರಿ ಊಟವಾಗಿ ಮೂರು ತಾಸಿನ ಮೇಲೆ ಮಲಗುವಾಗ ತೆಗೆದುಕೊಳ್ಳಬಹುದು, ಅಷ್ಟೇ ಫಲ. ರೋಜಾ ಹಿಡಿಯುವವರಿಗೂ ಇದೇ ದಾರಿ. ಡೋಸ್ ಬದಲಿಸಿದರೆ 6ರಿಂದ 8 ವಾರದ ನಂತರವೇ ಮರುಪರೀಕ್ಷೆ. ಹದಿನೈದು ದಿನಕ್ಕೆ ಮಾಡಿದರೆ ಅಂಕಿ ಇನ್ನೂ ನಿಂತಿರುವುದಿಲ್ಲ. ಗುಳಿಗೆ ಶಾಖಕ್ಕೆ ಕೆಡುತ್ತದೆ, ಒಲೆಯ ಮೇಲಿನ ಮಾಡದಲ್ಲಿ ಇಡಬಾರದು, ಸೀಸೆಯಿಂದ ತೆಗೆದು ಬೇರೆ ಡಬ್ಬಿಗೆ ಹಾಕಬಾರದು. ‘ಟಿಎಸ್‌ಎಚ್ ನಾರ್ಮಲ್ ಬಂತು’ ಎಂದು ಬಿಟ್ಟುಬಿಡುವುದೂ ತಪ್ಪು, ನಾರ್ಮಲ್ ಆಗಿರುವುದು ಗುಳಿಗೆಯಿಂದಲೇ. ಬಸಿರು ನಿಂತದ್ದು ಗೊತ್ತಾದ ದಿನವೇ ವೈದ್ಯರಿಗೆ ತಿಳಿಸಬೇಕು. ಆಗ ಡೋಸ್ ಕಾಲು ಭಾಗದಷ್ಟು ಏರಿಸಬೇಕಾಗುತ್ತದೆ, ಬಿಡುವ ಮಾತೇ ಇಲ್ಲ. ಎಲೆಕೋಸಿಗೆ ಹೆದರಬೇಕಿಲ್ಲ, ಬೇಯಿಸಿ ತಿನ್ನಬಹುದು. ಆದರೆ ಈಚೆಗೆ ಫ್ಯಾಷನ್ ಆಗಿರುವ ಸೈಂಧವ ಉಪ್ಪನ್ನಷ್ಟೇ ವರ್ಷವಿಡೀ ಬಳಸಿದರೆ ಅಯೋಡಿನ್ ಸಿಗುವುದಿಲ್ಲ. ಅಡಿಗೆಗೆ ಅಯೋಡಿನ್ ಸೇರಿಸಿದ ಉಪ್ಪೇ ಇರಲಿ.

ಈಗ ‘ನೀರುಗುಳ್ಳೆ’, ಅಂದರೆ ಪಿಸಿಒಎಸ್. ಸ್ಕ್ಯಾನಿಂಗ್‌ನಲ್ಲಿ ಕಾಣುವ ಆ ಗುಳ್ಳೆಗಳು ಗಡ್ಡೆಗಳಲ್ಲ. ಅರ್ಧಕ್ಕೆ ಬೆಳವಣಿಗೆ ನಿಂತ ಅಂಡಕೋಶಗಳು. ಒಡೆಸಬೇಕಾದ, ಕರಗಿಸಬೇಕಾದ ವಸ್ತು ಅಲ್ಲಿ ಏನೂ ಇಲ್ಲ. ಮುಟ್ಟಿನ ಅಂತರ ಹೆಚ್ಚಾಗುವುದು ಒಂದು, ಗಂಡಸಿನ ಹಾರ್ಮೋನಿನ ಗುರುತುಗಳಾದ ಗದ್ದ-ಮೇಲ್ದುಟಿಯ ಒರಟು ಕೂದಲು, ಹಟಮಾರಿ ಮೊಡವೆ ಅಥವಾ ರಕ್ತದಲ್ಲಿ ಟೆಸ್ಟೊಸ್ಟೆರಾನ್ ಹೆಚ್ಚಿರುವುದು ಎರಡು, ಸ್ಕ್ಯಾನಿಂಗ್‌ನ ಚಿತ್ರ ಮೂರು. ಈ ಮೂರರಲ್ಲಿ ಎರಡಿದ್ದು, ಥೈರಾಯ್ಡ್, ಪ್ರೊಲ್ಯಾಕ್ಟಿನ್‌ನಂಥ ಬೇರೆ ಕಾರಣ ಇಲ್ಲವೆಂದಾದರೆ ಮಾತ್ರ ಪಿಸಿಒಎಸ್. ಬರೀ ಸ್ಕ್ಯಾನಿಂಗ್ ನೋಡಿ ಹೇಳುವಂತಿಲ್ಲ. ಹದಿಹರೆಯದವರಲ್ಲಿ ಮೊದಲ ಎರಡೂ ಇರಲೇಬೇಕು. ಹೆರಿಗೆ ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ 10ರಿಂದ 13 ಮಂದಿಗೆ ಇದು ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೆಳ್ಳಗಿದ್ದವರಿಗೂ ಬರುತ್ತದೆ. ಕತ್ತಿನ ಹಿಂದೆ, ಕಂಕುಳಲ್ಲಿ ವೆಲ್ವೆಟ್ಟಿನಂಥ ಕಪ್ಪು ಮೂಡಿದ್ದರೆ ಅದು ಸ್ನಾನದ ಕೊರತೆಯಲ್ಲ, ತಿಕ್ಕಿದರೆ ಹೋಗುವುದಿಲ್ಲ. ಇನ್ಸುಲಿನ್ ಹೆಚ್ಚಾಗಿ ಸುರಿಯುತ್ತಿದೆ ಎಂಬ ಸೂಚನೆ. ಅಂಥವರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿನ ನಂತರ ಸಕ್ಕರೆ ನೋಡಬೇಕು. 140 ದಾಟಿದ್ದರೆ ಸಕ್ಕರೆ ಕಾಯಿಲೆಯ ಬಾಗಿಲು, 200 ದಾಟಿದ್ದರೆ ಮನೆಯೊಳಗೇ ಬಂದಂತೆ. ರಕ್ತಹೀನತೆ ಇದ್ದವರಲ್ಲಿ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ದಾರಿ ತಪ್ಪಿಸಬಹುದು, ಆದ್ದರಿಂದ ಈ ಗ್ಲೂಕೋಸ್ ಪರೀಕ್ಷೆಯೇ ಮೇಲು.

ಚಿಕಿತ್ಸೆ ಆಯಾ ಹೆಣ್ಣುಮಗಳಿಗೆ ಈಗ ಏನು ಬೇಕು ಎಂಬುದರ ಮೇಲೆ ನಿಂತಿದೆ. ಮುಟ್ಟು ಕ್ರಮಕ್ಕೆ ಬರಬೇಕು, ಮಗು ಸದ್ಯ ಬೇಡ ಎನ್ನುವವರಿಗೆ ಕಡಿಮೆ ಡೋಸಿನ ಗರ್ಭನಿರೋಧಕ ಗುಳಿಗೆ ಸರಿ. ಅದಕ್ಕೆ ಮೊದಲು ಬಿಪಿ ನೋಡಲೇಬೇಕು. ಕಣ್ಣ ಮುಂದೆ ಮಿಂಚು ಬಂದು ಆಮೇಲೆ ಅರೆತಲೆನೋವು ಬರುವವರಿಗೆ, ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ ಕೊಡಬಾರದು. ಅದು ಬೇಡವಾದವರಿಗೆ ಕನಿಷ್ಠ ಮೂರು ತಿಂಗಳಿಗೊಮ್ಮೆ 10 ದಿನ ಪ್ರೊಜೆಸ್ಟರಾನ್ ಜಾತಿಯ ಗುಳಿಗೆ ಕೊಟ್ಟು ಮುಟ್ಟು ತರಿಸಬೇಕು. ‘ಮುಟ್ಟಾಗದಿದ್ದರ ಕಿರಿಕಿರಿ ಇಲ್ಲ ಬಿಡ್ರಿ’ ಎಂದು ವರ್ಷಗಟ್ಟಲೆ ಬಿಟ್ಟರೆ ಗರ್ಭಚೀಲದ ಒಳಪದರ ದಪ್ಪವಾಗುತ್ತ ಹೋಗಿ, ಮುಂದೆ ಕ್ಯಾನ್ಸರಿಗೆ ತಿರುಗುವ ಅಪಾಯವಿದೆ. ಸಕ್ಕರೆ ಕಾಯಿಲೆಗೂ ಕೊಡುವ ಮೆಟ್‌ಫಾರ್ಮಿನ್ ಶುರುಮಾಡುವಾಗ 500 ಮಿ.ಗ್ರಾಂ ಒಂದೇ ಗುಳಿಗೆ, ಊಟದ ನಡುವೆ. ವಾರ ಹದಿನೈದು ದಿನ ಬಿಟ್ಟು ಇನ್ನೊಂದು. ಮೊದಲ ದಿನವೇ ಎರಡೆರಡು ಹೊತ್ತು ಕೊಟ್ಟರೆ ಭೇದಿ, ವಾಕರಿಕೆ ಬಂದು ಮೂರನೇ ದಿನಕ್ಕೆ ಗುಳಿಗೆ ಕಸದ ಬುಟ್ಟಿ ಸೇರುತ್ತದೆ. ವರ್ಷಗಟ್ಟಲೆ ತೆಗೆದುಕೊಳ್ಳುವವರು ಬಿ12 ನೋಡಿಸಿಕೊಳ್ಳಬೇಕು. ಮಗು ಬೇಕೆನ್ನುವವರಿಗೆ ಮುಟ್ಟಿನ ಮೊದಲ ವಾರದಲ್ಲಿ ಐದು ದಿನ ಕೊಡುವ, ಅಂಡ ಬಿಡುಗಡೆಗೆ ನೆರವಾಗುವ ಲೆಟ್ರೊಜೋಲ್ ಈಗ ಮೊದಲ ಆಯ್ಕೆ. ಮುಖದ ಕೂದಲಿಗೆ ಯಾವ ಗುಳಿಗೆ ಕೊಟ್ಟರೂ ಆರು ತಿಂಗಳ ಮೊದಲು ಫಲ ಕಾಣದು, ಕೂದಲಿನ ಆಯುಷ್ಯವೇ ಅಷ್ಟುದ್ದ. ಅಲ್ಲಿಯವರೆಗೆ ಥ್ರೆಡ್ಡಿಂಗ್, ಶೇವಿಂಗ್ ಏನು ಮಾಡಿದರೂ ಕೂದಲು ದಪ್ಪಗಾಗುವುದಿಲ್ಲ.

ತೂಕ ಹೆಚ್ಚಿದ್ದವರು ಶೇಕಡಾ ಐದರಷ್ಟು ಇಳಿಸಿದರೂ ಎಷ್ಟೋ ಮಂದಿಗೆ ಮುಟ್ಟು ಹಾದಿಗೆ ಬರುತ್ತದೆ. 70 ಕಿಲೋ ಇದ್ದವರಿಗೆ ಅದು ಮೂರೂವರೆ ಕಿಲೋ, ಮುಟ್ಟಲಾಗದ ಗುರಿಯಲ್ಲ. ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಿದ್ದರೆ ತಕ್ಕಡಿ ಏನೇ ಹೇಳಲಿ, ಎಚ್ಚರ ಬೇಕು. ಇದಕ್ಕೆ ಓಟ್ಸ್, ಕ್ವಿನೋವಾ ತರಿಸಬೇಕಾಗಿಲ್ಲ. ಜೋಳದ ರೊಟ್ಟಿ ಒಳ್ಳೆಯದೇ, ಆದರೆ ಒಳ್ಳೆಯದೆಂದು ನಾಲ್ಕು ರೊಟ್ಟಿಯ ಮೇಲೆ ಒಂದು ತಾಟು ಅನ್ನ ಬಡಿಸಿಕೊಂಡರೆ ಜೋಳದ ಪುಣ್ಯವೆಲ್ಲ ಅನ್ನಕ್ಕೆ ಹೋಯಿತು. ಎರಡು ರೊಟ್ಟಿ, ಒಂದು ಬಟ್ಟಲು ಮಡಕಿ ಅಥವಾ ಹೆಸರುಕಾಳಿನ ಪಲ್ಯ ಇಲ್ಲವೇ ಝುಣಕ, ಮೆಂತ್ಯ-ಮೂಲಂಗಿ-ಸೌತೆ ಹಸಿಯಾಗಿ, ಒಂದು ಚಮಚ ಅಗಸಿ ಚಟ್ನಿ, ಮಜ್ಜಿಗೆ. ಇಷ್ಟಾದರೆ ಹೊಟ್ಟೆ ತುಂಬುತ್ತದೆ, ಸಕ್ಕರೆಯೂ ನಿಧಾನಕ್ಕೆ ಏರುತ್ತದೆ. ಸಂಜೆಯ ಗಿರಮಿಟ್ಟು ಹಗುರ ಎಂದು ಭಾವಿಸುವವರಿದ್ದಾರೆ. ಚುರುಮುರಿ ಕೈಗೆ ಹಗುರ, ಆದರೆ ಸಕ್ಕರೆಯನ್ನು ಬೇಗ ಏರಿಸುವ ಅಕ್ಕಿಯೇ ಅದು, ಜೊತೆಗೆ ಮಿರ್ಚಿ ಭಜ್ಜಿ ಇದ್ದೇ ಇರುತ್ತದೆ. ಎಲ್ಲಕ್ಕಿಂತ ಮರೆಯಲ್ಲಿರುವುದು ಚಹಾ. ಎರಡು ಚಮಚ ಸಕ್ಕರೆಯ ಐದು ಕಪ್ಪೆಂದರೆ ದಿನಕ್ಕೆ 50 ಗ್ರಾಂ ಸಕ್ಕರೆ, 200 ಕ್ಯಾಲರಿ. ಪೇಢೆಯನ್ನು ಹಬ್ಬಕ್ಕೆ ತಿನ್ನಿ, ಚಹಾದ ಸಕ್ಕರೆಯನ್ನು ದಿನಾ ಅರ್ಧ ಮಾಡಿ. ನಡಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಎಂಬ ವೇಗದಲ್ಲಿ. ಧಾರವಾಡದವರಿಗೆ ಕೆಲಗೇರಿ, ಸಾಧನಕೇರಿ, ಹುಬ್ಬಳ್ಳಿಯವರಿಗೆ ಉಣಕಲ್, ತೋಳನಕೆರೆ, ಗದಗಿನವರಿಗೆ ಭೀಷ್ಮ ಕೆರೆ, ಹಾವೇರಿಯವರಿಗೆ ಹೆಗ್ಗೇರಿ, ಹೀಗೆ ನಡೆಯಲು ಕೆರೆದಂಡೆಗಳಿವೆ. ಮನೆಗೆಲಸವೇ ವ್ಯಾಯಾಮವಾಯಿತಲ್ಲ ಎನ್ನುವವರಿಗೆ ಒಂದು ಮಾತು: ಆ ಕೆಲಸದಲ್ಲಿ ಎದೆಬಡಿತ ಏರಿ ಹತ್ತು ನಿಮಿಷ ಅದೇ ಏರಿನಲ್ಲಿ ಉಳಿಯುವುದು ಅಪರೂಪ. ಹೊಲದಲ್ಲಿ ಕಳೆ ತೆಗೆಯುವವರಿಗೆ ಈ ಉಪದೇಶ ಅನ್ವಯಿಸುವುದಿಲ್ಲ, ಅವರಿಗೆ ಬೇಕಾದ್ದು ವಿಶ್ರಾಂತಿ ಮತ್ತು ಕಾಳು.

ನಲವತ್ತರ ಆಚೆಯವರ ಮಾತು ಚಿಕ್ಕದಾದರೂ ಗಂಭೀರ. ಹೆಚ್ಚು ಸ್ರಾವ ಎಂದ ಕೂಡಲೇ ‘ಚೀಲ ತಗಿಸಿಬಿಡೂಣು’ ಎಂಬ ಸಲಹೆ ನಮ್ಮ ಭಾಗದಲ್ಲಿ ಬಹಳ ಅಗ್ಗ. ಸ್ಕ್ಯಾನಿಂಗ್ ಚೀಟಿಯಲ್ಲಿ ‘ಬಲ್ಕಿ ಯುಟೆರಸ್’ ಎಂದಿದ್ದರೆ ಗರ್ಭಚೀಲ ತುಸು ದೊಡ್ಡದು ಎಂದಷ್ಟೇ ಅರ್ಥ. ಎರಡು ಮೂರು ಹೆತ್ತವರಲ್ಲಿ ಅದು ಹಾಗೇ ಇರುತ್ತದೆ. ಮೊದಲು ಸ್ರಾವದ ದಿನಗಳಲ್ಲಿ ಮಾತ್ರ ಸ್ರಾವ ತಗ್ಗಿಸುವ ಟ್ರಾನೆಕ್ಸಮಿಕ್ ಆಮ್ಲದ ಗುಳಿಗೆ, ಅದಕ್ಕೂ ಬಗ್ಗದಿದ್ದರೆ ಹಾರ್ಮೋನ್ ಇರುವ ಟಿ ಆಕಾರದ ಸಾಧನವನ್ನು ಗರ್ಭಚೀಲದೊಳಗೆ ಇಡುವುದು, ಇವೆರಡೂ ಆದ ಮೇಲೆ ಶಸ್ತ್ರಚಿಕಿತ್ಸೆಯ ವಿಚಾರ. ಆ ಸಾಧನ ಐದು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡುತ್ತದೆ. 45 ದಾಟಿದವರಿಗೆ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸದೆ ಮುಂದುವರಿಯಬಾರದು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸುಮ್ಮನೆ ಅಲ್ಲ. ಅಂಡಾಶಯಗಳನ್ನೂ ಜೊತೆಗೇ ತೆಗೆದರೆ ಮೂವತ್ತೈದರ ಹೆಣ್ಣುಮಗಳು ಒಂದೇ ದಿನದಲ್ಲಿ ಐವತ್ತರ ಸ್ಥಿತಿಗೆ ಬೀಳುತ್ತಾಳೆ: ಮೈ ಝಳ, ನಿದ್ದೆಯಿಲ್ಲ, ಮೂಳೆ ಸವೆತ, ಮುಂದೆ ಹೃದಯದ ಕಾಯಿಲೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ‘ಅಂಡಾಶಯ ಉಳಸ್ತೀರೇನ್ರಿ?’ ಎಂದು ಕೇಳಬೇಕು. ಮುಟ್ಟು ಸಹಜವಾಗಿ ನಿಂತು 12 ತಿಂಗಳಾದ ಮೇಲೆ ಒಂದೇ ಹನಿ ರಕ್ತ ಕಂಡರೂ ತೋರಿಸಬೇಕು, ‘ಮತ್ತ ಮುಟ್ಟಾತು’ ಎಂದು ನಗುವ ವಿಷಯವಲ್ಲ. 40ರೊಳಗೇ ನಿಂತರೆ ಅದಕ್ಕೂ ಪರೀಕ್ಷೆ, ಮೂಳೆ ಉಳಿಸಲು ಹಾರ್ಮೋನ್ ಚಿಕಿತ್ಸೆ ಬೇಕು.

ತಡಮಾಡಬಾರದ ಲಕ್ಷಣಗಳು ಕೆಲವೇ. ನಾಲ್ಕಾರು ತಿಂಗಳಲ್ಲಿ ಧ್ವನಿ ಗಡಸಾಗಿ, ಮುಖದ ತುಂಬ ಕೂದಲು ಬಂದು, ನೆತ್ತಿ ಬೋಳಾಗತೊಡಗಿದರೆ ಅದು ಪಿಸಿಒಎಸ್ ಅಲ್ಲ. ಅಂಡಾಶಯ ಅಥವಾ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಗಡ್ಡೆ ಇದೆಯೇ ಎಂದು ನೋಡಬೇಕು. ಎದೆಯಿಂದ ಹಾಲು ಬಂದು ಜೊತೆಗೆ ತಲೆನೋವು, ಅಕ್ಕಪಕ್ಕದ ದೃಷ್ಟಿ ಮಂಜಾದರೆ ಪಿಟ್ಯುಟರಿ ಗ್ರಂಥಿಯ ಗಡ್ಡೆ ಇದೆಯೇ ಎಂದು ನೋಡಬೇಕು. ಹೆಚ್ಚು ಥೈರಾಯ್ಡಿಗೆ ಕಾರ್ಬಿಮಜೋಲ್ ತೆಗೆದುಕೊಳ್ಳುತ್ತಿರುವವರಿಗೆ ಜ್ವರ, ಗಂಟಲು ನೋವು ಬಂದರೆ ಗುಳಿಗೆ ನಿಲ್ಲಿಸಿ ಅದೇ ದಿನ ಬಿಳಿ ರಕ್ತಕಣ ಎಣಿಸಬೇಕು.

ಇವಕ್ಕೆಲ್ಲ ಬೆಂಗಳೂರಿಗೆ ಓಡಬೇಕಾಗಿಲ್ಲ. ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಕೆಎಂಸಿಆರ್‌ಐ, ಧಾರವಾಡದ ಜಿಲ್ಲಾ ಆಸ್ಪತ್ರೆ, ಗದಗಿನ ಜಿಮ್ಸ್, ಹಾವೇರಿಯ ಜಿಲ್ಲಾ ಆಸ್ಪತ್ರೆ, ಎಲ್ಲ ಕಡೆ ಸ್ತ್ರೀರೋಗ ವಿಭಾಗಗಳಿವೆ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್ ಇದೆ. ಅಲ್ಲಿಗೆ ಅವ್ವನ ಜೊತೆ ಹೋದರೂ ಹುಡುಗಿಯೊಬ್ಬಳೇ ಐದು ನಿಮಿಷ ಮಾತಾಡುವ ಅವಕಾಶ ಸಿಗಬೇಕು.

ನಮ್ಮ ಮೂರು ಜಿಲ್ಲೆಗಳ ಪ್ರಯೋಗಾಲಯಗಳಲ್ಲಿ ಕೊನೆಯದೊಂದು ಕೋರಿಕೆ. ರಕ್ತ ತೆಗೆಯುವಾಗ ಹೆಸರು, ವಯಸ್ಸು, ಮೊಬೈಲ್ ನಂಬರ್ ಬರೆದುಕೊಳ್ಳುತ್ತೀರಿ. ಅದೇ ಚೀಟಿಯಲ್ಲಿ ಇನ್ನೂ ಮೂರು ಖಾನೆ ಸೇರಿಸಿ: ಕಳೆದ ಮುಟ್ಟಿನ ಮೊದಲ ದಿನ ಯಾವುದು, ಈಗ ಯಾವ ಗುಳಿಗೆ ನಡೆದಿದೆ, ರಕ್ತ ತೆಗೆದದ್ದು ಎಷ್ಟು ಗಂಟೆಗೆ. ಆ ಮೂರೂ ವರದಿಯ ತಲೆಯ ಮೇಲೆ ಅಚ್ಚಾಗಿ ಬರಲಿ. ಮುದ್ರಣಕ್ಕೆ ಒಂದು ಸಾಲು ಶಾಯಿ ಹೆಚ್ಚು ಹೋಗಬಹುದು.

ಇಂತಿ,
ಸ್ತ್ರೀರೋಗ ತಜ್ಞೆ, ಪ್ರಯೋಗಾಲಯ ತಂತ್ರಜ್ಞೆ ಮತ್ತು ಆಹಾರ ತಜ್ಞೆ
ಧಾರವಾಡ